ಬೀಗ ಟ್ಯಾಂಕಿಗೆ, ರೋಗ ಚಕ್ರಕ್ಕೆ

ಹಳೇ ಪಿಕಪ್ ಇಟ್ಟುಕೊಂಡವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಗಾಡಿ ಡೀಸೆಲ್ ಜಾಸ್ತಿ ಕುಡಿಯುತ್ತಿದೆ ಅನ್ನಿಸಿದ ದಿನ ಬಾನೆಟ್ ಎತ್ತಬೇಡಿ. ನಾನು ಎತ್ತಿದೆ. ₹43,880 ಹೋಯಿತು. ಅದರ ಜೊತೆಗೆ, ಹದಿನಾರು ವರ್ಷ ನಮ್ಮ ಗಾಡಿ ಓಡಿಸಿದ ಮನುಷ್ಯರೂ ಹೋದರು. ದುಡ್ಡಿನ ಲೆಕ್ಕವನ್ನು ದಸರಾ ಸೀಸನ್ನಿನಲ್ಲಿ ಹೇಗೋ ಸರಿದೂಗಿಸಿದೆ.

ನಮ್ಮದು ಮೈಸೂರಿನ ನಂಜುಮಳಿಗೆ ಹತ್ತಿರ ಶಾಮಿಯಾನದ ಅಂಗಡಿ. ಕಂಬ, ತಗಡು, ಕುರ್ಚಿ, ಕೊಪ್ಪರಿಗೆ ಹೊರುವುದಕ್ಕೆ 2009ರ ಬೊಲೆರೊ ಪಿಕಪ್ ಇದೆ. ಹಳೇ ಡಿಐ ಇಂಜಿನ್ನು, ಸೆನ್ಸರ್ರು ಗಿನ್ಸರ್ರು ಏನೂ ಇಲ್ಲ, ಎಲ್ಲ ಕಬ್ಬಿಣ. ಊರೊಳಗೆ ಚೌಟ್ರಿ, ಊರಾಚೆ ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳು. ತಿಂಗಳಿಗೆ ಸುಮಾರು 1,500 ಕಿಲೋಮೀಟರ್. ಲೀಟರಿಗೆ ಹನ್ನೆರಡು, ಹನ್ನೆರಡೂವರೆ ಕೊಡುತ್ತಿದ್ದ ಗಾಡಿ 2025ರ ಜೂನ್ ಹೊತ್ತಿಗೆ ಎಂಟಕ್ಕೆ ಬಂದು ನಿಂತಿತು. ಅಂದರೆ 120 ಲೀಟರಿನಲ್ಲಿ ಮುಗಿಯುತ್ತಿದ್ದ ತಿಂಗಳಿಗೆ 187 ಲೀಟರ್ ಬೇಕಾಯಿತು. ಸರ್ಕಾರ ಬೇರೆ ಆ ಏಪ್ರಿಲ್ 1ರಿಂದಲೇ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿ ಲೀಟರಿಗೆ ₹2 ಜಾಸ್ತಿ ಮಾಡಿತ್ತು. ತಿಂಗಳಿಗೆ ಆರು ಸಾವಿರ ಸುಮ್ಮನೆ ಸೋರಿಹೋಗುತ್ತಿದೆ ಅಂದರೆ ಯಾರಿಗೆ ನಿದ್ದೆ ಬರುತ್ತದೆ?

ಮೊದಲು ಅನುಮಾನ ಬಿದ್ದದ್ದು ಬಂಕಿನ ಮೇಲೆ. ಪ್ರತಿ ಬಂಕಿನಲ್ಲೂ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆ ಇರಬೇಕು, ಗಿರಾಕಿ ಕೇಳಿದರೆ ಅಳೆದು ತೋರಿಸಬೇಕು. ಕೇಳಿದೆ. ಬಂಕಿನ ಹುಡುಗ ಮುಖ ಗಂಟು ಹಾಕಿಕೊಂಡೇ ತಂದ. 5 ಲೀಟರಿಗೆ 25 ಮಿಲಿಲೀಟರ್ ಹೆಚ್ಚುಕಡಿಮೆಗೆ ಮಾಫಿ ಉಂಟು. ಪಾತ್ರೆಯ ಕತ್ತಿನಲ್ಲಿ ಡೀಸೆಲ್ ಗೆರೆಗೆ ಸರಿಯಾಗಿ ಬಂದು ನಿಂತಿತು. ಹಿಂದೆ ನಿಂತಿದ್ದ ನಾಲ್ಕು ಗಾಡಿಯವರು ಹಾರ್ನ್ ಹೊಡೆಯುತ್ತಿದ್ದರು. ಅವತ್ತಿನ ಅವಮಾನಕ್ಕೆ ಆ ಬಂಕಿಗೆ ಹೋಗುವುದನ್ನೇ ಬಿಟ್ಟೆ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಬಂಕು ಸರಿ ಇದೆ ಅಂದಮೇಲೆ ಉಳಿದದ್ದು ಡ್ರೈವರು.

ಅವರು ನಮ್ಮ ತಂದೆಯ ಕಾಲದವರು. ಗಾಡಿ ಶೋರೂಮಿನಿಂದ ಬಂದ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಮುಂದಕ್ಕೆ ಬಿಟ್ಟವರೂ ಅವರೇ. ಅವರ ಮೇಲೆ ನನಗೆ ಅನುಮಾನ ಇತ್ತು ಅಂತ ಈಗಲೂ ಒಪ್ಪುವುದಿಲ್ಲ. ನನ್ನ ತಲೆಗೆ ಅದನ್ನು ತುಂಬಿದವನು ನನ್ನ ಭಾವಮೈದ. "ಭಾವ, ದಿನಾ ಎರಡು ಲೀಟರ್ ಪೈಪ್ ಹಾಕಿ ಎಳೆದ್ರೆ ನಿಮ್ಗೆ ಗೊತ್ತಾಗುತ್ತಾ? ಒಂದು ಬೀಗ ಹಾಕಿ, ಒಂದೇ ವಾರದಲ್ಲಿ ಹನ್ನೆರಡು ಬರ್ಲಿಲ್ಲ ಅಂದ್ರೆ ಕೇಳಿ" ಅಂದ. ಸರಿ ಅಂತ ₹280 ಕೊಟ್ಟು ಬೀಗ ಇರುವ ಟ್ಯಾಂಕ್ ಮುಚ್ಚಳ ತಂದೆ.

ಬೆಳಿಗ್ಗೆ ಏಳಕ್ಕೆ ಡ್ರೈವರು ಬಂದರು. ಎಂದಿನಂತೆ ಗಾಡಿ ಸುತ್ತ ಒಂದು ಸುತ್ತು ಹಾಕಿದರು. ಹೊಸ ಮುಚ್ಚಳದ ಮುಂದೆ ನಿಂತರು. ಬೆರಳಿನಿಂದ ಬೀಗದ ತೂತಿನ ಮೇಲಿನ ಪುಟ್ಟ ಮುಚ್ಚಳವನ್ನು ಆಚೆ ಸರಿಸಿದರು, ಈಚೆ ಸರಿಸಿದರು. ನಾನು ಗಲ್ಲಾದಲ್ಲಿ ಕೂತು ಲೆಕ್ಕ ಬರೆಯುವವನಂತೆ ತಲೆ ತಗ್ಗಿಸಿದ್ದೆ. ಅವರು ಒಳಗೆ ಬಂದು ಗಾಡಿಯ ಕೀ ಗೊಂಚಲನ್ನು ಮೇಜಿನ ಮೇಲಿಟ್ಟು, "ಆ ಕೀ ನಿಮ್ಮತ್ರ ಇದ್ಮೇಲೆ ಈ ಕೀ ನನ್ನತ್ರ ಯಾಕೆ ಸಾವ್ಕಾರ್ರೇ" ಅಂದರು. ಜೋರು ಮಾತಿಲ್ಲ, ಜಗಳವಿಲ್ಲ. ಮಂಡಿನೋವು ಇತ್ತೀಚೆಗೆ ಜಾಸ್ತಿ ಅಂತ ಒಂದು ಕಾರಣವನ್ನೂ ತಾವೇ ಸೇರಿಸಿದರು, ನನಗೆ ಕಷ್ಟವಾಗಬಾರದು ಅಂತ. ಬಾಕಿ ಸಂಬಳ ಎಣಿಸಿಕೊಟ್ಟೆ. ಎಣಿಸದೆ ಜೇಬಿಗೆ ಹಾಕಿಕೊಂಡು ಹೋದರು.

ಒಂದು ವಾರ ನಾನೇ ಓಡಿಸಿದೆ. ಲೀಟರಿಗೆ ಏಳೂ ಮುಕ್ಕಾಲು. ಡ್ರೈವರು ಓಡಿಸುವಾಗ ಬರುತ್ತಿದ್ದುದಕ್ಕಿಂತಲೂ ಕಡಿಮೆ! ಅಲ್ಲಿಗಾದರೂ ಬುದ್ಧಿ ಬರಬೇಕಿತ್ತು. ಡ್ರೈವರು ಕಳ್ಳರಲ್ಲ ಅಂತಾದರೆ ಇಂಜಿನ್ನೇ ಕಳ್ಳ ಅಂತ ತೀರ್ಮಾನಿಸಿದೆ. ಅಷ್ಟರಲ್ಲಿ ಆಷಾಢ ಬಂತು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಶಾಮಿಯಾನದವನಿಗೆ ಕೆಲಸವೇ ಇಲ್ಲ. ಕೈ ಖಾಲಿ ಇರುವ ಮನುಷ್ಯ ಗ್ಯಾರೇಜಿಗೆ ಹೋಗಬಾರದು.

ಬನ್ನಿಮಂಟಪದ ಕಡೆಯ ಒಂದು ಗ್ಯಾರೇಜಿನಲ್ಲಿ ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಆಯಿಲ್: ₹4,200. ಇದು ದಂಡವಲ್ಲ, ಹೇಗೂ ಮಾಡಿಸಬೇಕಿತ್ತು. ಆಮೇಲೆ ನಾಲ್ಕು ನಾಜಲ್ಲು, ₹7,600. ಅದಕ್ಕೂ ಬಗ್ಗಲಿಲ್ಲ ಅಂತ ಡೀಸೆಲ್ ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್, ₹13,500. ಮಧ್ಯದಲ್ಲಿ ಭಾವಮೈದ ಡೀಸೆಲ್ ಪೈಪಿಗೆ ಕಚ್ಚಿಸುವ ಒಂದು ಮ್ಯಾಗ್ನೆಟ್ ತಂದುಕೊಟ್ಟ, ₹1,500. ಅದು ಮಾಡಿದ ಕೆಲಸವೆಂದರೆ ಬಾನೆಟ್ಟಿನಲ್ಲಿ ಬಿದ್ದ ನಟ್ಟುಗಳನ್ನು ಹಿಡಿದುಕೊಂಡದ್ದು. ಕೊನೆಗೆ ಮೇಸ್ತ್ರಿ, "ಕಂಪ್ರೆಶನ್ ಹೋಗಿರ್ಬೇಕು, ಹೆಡ್ ಬಿಚ್ಚಿ ನೋಡೋಣ" ಅಂದ. ಬಿಚ್ಚಿದ. ಬೋರು ಕನ್ನಡಿಯ ಹಾಗಿತ್ತು. ಬಿಚ್ಚಿದ್ದಕ್ಕೆ ವಾಲ್ವ್ ಗ್ರೈಂಡಿಂಗ್, ಗ್ಯಾಸ್ಕೆಟ್, ಕೂಲಿ: ₹16,800.

ಇಷ್ಟೂ ದಿನ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಮೇ ತಿಂಗಳ ಹೊಗೆ ತಪಾಸಣೆಯ ಸರ್ಟಿಫಿಕೇಟು ಬಿದ್ದಿತ್ತು. ಪಾಸ್ ಆಗಿತ್ತು. ಪಂಪೋ ನಾಜಲ್ಲೋ ಡೀಸೆಲನ್ನು ಮಿತಿಮೀರಿ ಸುರಿಯುತ್ತಿದ್ದರೆ ಲೋಡಿನಲ್ಲಿ ಕಪ್ಪು ಹೊಗೆ ಬರಬೇಕು. ನಮ್ಮ ಗಾಡಿ ಯಾವತ್ತೂ ಕಪ್ಪು ಹೊಗೆ ಬಿಟ್ಟಿರಲಿಲ್ಲ. ಅದನ್ನು ಮೇಸ್ತ್ರಿಯೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಇನ್ನೊಂದು ಸೂಚನೆಯೂ ಸಿಕ್ಕಿತ್ತು. ಹೆಡ್ ಬಿಚ್ಚುವ ದಿನ ಗಾಡಿಯನ್ನು ಶೆಡ್ಡಿನೊಳಕ್ಕೆ ತಳ್ಳಬೇಕಾಯಿತು. ಮೂರು ಜನ ತಳ್ಳಿದರೂ ಜರುಗಲೊಲ್ಲದು. ಹದಿನೆಂಟರ ಹುಡುಗ ಒಬ್ಬ, "ಅಣ್ಣ, ಹ್ಯಾಂಡ್ ಬ್ರೇಕ್ ಬಿಟ್ಟಿದ್ದೀರಾ?" ಅಂತ ಕೇಳಿದ. ನಾನು ಒಳಗೆ ಬಗ್ಗಿ ನೋಡಿ, ಲಿವರ್ ಕೆಳಗೇ ಇದೆಯಲ್ಲ, "ಬಿಟ್ಟಿದೆ ಕಣೋ, ಹೊಸ ಟೈರು, ಹಿಡಿತ ಜಾಸ್ತಿ, ತಳ್ಳು" ಅಂದೆ. ಇನ್ನಿಬ್ಬರು ಕೈ ಹಾಕಿದರು, ಗಾಡಿ ಒಳಗೆ ಹೋಯಿತು. ಆ ಹುಡುಗ ಅಲ್ಲಿ ಸ್ಪಾನರ್ ತೊಳೆಯುವ ಕೆಲಸದಲ್ಲಿದ್ದ. ಅವನ ಮಾತನ್ನು ಯಾರು ಕೇಳುತ್ತಾರೆ?

ಈಗ ಆಗಸ್ಟ್ 25ರ ಸಂಜೆಗೆ ಬರುತ್ತೇನೆ. 26ಕ್ಕೆ ಗೌರಿ, 27ಕ್ಕೆ ಗಣೇಶ. ನಂಜನಗೂಡಿನಾಚೆಯ ಹಳ್ಳಿಯೊಂದಕ್ಕೆ ಪೆಂಡಾಲ್ ಸಾಮಾನು ತಲುಪಿಸಬೇಕಿತ್ತು. ಅಂಗಡಿ ಮುಂದಿನ ರಸ್ತೆ ಇಳಿಜಾರು. ಕಂಬ ತುಂಬುವಾಗ ಗಾಡಿ ಜಾರಬಾರದು ಅಂತ ಹ್ಯಾಂಡ್ ಬ್ರೇಕನ್ನು ಕೊನೇ ಹಲ್ಲಿನವರೆಗೂ ಎಳೆದಿದ್ದೆ. ಒಂದು ಟನ್ನಿನ ಹತ್ತಿರ ಲೋಡು, ಪಕ್ಕದಲ್ಲಿ ಕೆಲಸದ ಹುಡುಗ.

ಬಂಡಿಪಾಳ್ಯ ದಾಟುವಾಗಲೇ ಗಾಡಿ ಎಳೆಯುತ್ತಿರಲಿಲ್ಲ. ನಾಲ್ಕನೇ ಗೇರಿನಲ್ಲಿ ಹೋಗಬೇಕಾದ ಜಾಗದಲ್ಲಿ ಮೂರಕ್ಕೆ ಇಳಿಸಿದೆ. ನಲವತ್ತೆರಡು ಸಾವಿರ ಸುರಿದ ಇಂಜಿನ್ನು ಇಷ್ಟೇನಾ ಅಂತ ಮೇಸ್ತ್ರಿಗೆ ಮನಸ್ಸಿನಲ್ಲೇ ಬೈದೆ. ಮಂಡಕಳ್ಳಿ ವಿಮಾನ ನಿಲ್ದಾಣದ ಹತ್ತಿರ ಸುಟ್ಟ ವಾಸನೆ ಬಂತು. ರಸ್ತೆ ಪಕ್ಕ ಯಾರೋ ಕಸ ಸುಡುತ್ತಿರಬೇಕು ಅಂತ ಗಾಜು ಏರಿಸಿದೆ. ಕಡಕೊಳ ಟೋಲ್ ದಾಟಿದೆ. ವಾಸನೆ ಗಾಡಿಯ ಜೊತೆಗೇ ಬರುತ್ತಿತ್ತು. ಹುಡುಗ ಮೂಗು ಮುಚ್ಚಿಕೊಂಡು, "ಅಣ್ಣ, ಕ್ಲಚ್ಚಾ?" ಅಂದ.

ಆಗ ಬೈಕಿನವನೊಬ್ಬ ನನ್ನ ಪಕ್ಕಕ್ಕೆ ಬಂದು ಕೈ ಬೀಸಿ ಕೂಗಿದ: "ಟೈರಲ್ಲಿ ಹೊಗೆ! ಹಿಂದಿನ್ ಟೈರಲ್ಲಿ ಹೊಗೆ!"

ಬ್ರೇಕ್ ಒತ್ತಿದೆ. ಪೆಡಲ್ಲು ಬೆಣ್ಣೆಯೊಳಗೆ ಇಳಿದ ಹಾಗೆ ಮ್ಯಾಟಿನವರೆಗೂ ಹೋಯಿತು. ಮುಂದೆ ಕಬ್ಬಿನ ಸೋಗೆ ಹೇರಿದ ಎತ್ತಿನಗಾಡಿ, ಅದರ ಹಿಂದೆ ಒಂದು ಕೈಲಿ ಲಾಟೀನು ಹಿಡಿದು ನಡೆಯುತ್ತಿರುವ ಹೆಂಗಸು. ಬಲಗಡೆ ಬಸ್ಸು. ಪೆಡಲ್ಲನ್ನು ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಮೂರನೇ ಸಲಕ್ಕೆ ಸ್ವಲ್ಪ ಗಟ್ಟಿ ಸಿಕ್ಕಿತು. ಗೇರನ್ನು ಎರಡಕ್ಕೆ ತಳ್ಳಿದೆ, ಇಂಜಿನ್ನು ಅರಚಿತು, ಗಾಡಿಯನ್ನು ಎಡಕ್ಕೆ ಮಣ್ಣಿಗೆ ಇಳಿಸಿದೆ. ಮೇಲಿನ ಕಂಬಗಳು ಕ್ಯಾಬಿನ್ನಿನ ಬೆನ್ನಿಗೆ ದಡಾರನೆ ಬಂದು ಗುದ್ದಿದವು. ಆ ಹೆಂಗಸು ತಿರುಗಿ ನೋಡಿದಳು. ನಮಗೂ ಅವಳಿಗೂ ನಡುವೆ ಒಂದು ಗಾಡಿಯ ಉದ್ದ ಇರಲಿಲ್ಲ.

ಇಳಿದು ನೋಡಿದರೆ ಹಿಂದಿನ ಎಡ ಚಕ್ರದ ಒಳಗಿನಿಂದ ಬಿಳೀ ಹೊಗೆ, ಅಡುಗೆಮನೆಯಲ್ಲಿ ಒಗ್ಗರಣೆ ಸೀದ ಹಾಗೆ. ಹಬ್ಬಿನ ಗ್ರೀಸು ಕರಗಿ ಟೈರಿನ ಗೋಡೆಯ ಮೇಲೆ ಕಪ್ಪಗೆ ಸುರಿದಿತ್ತು. ರಿಮ್ಮಿನ ತೂತಿನಿಂದ ಕಾಣುವ ಡ್ರಮ್ಮು ನೀಲಿಗಟ್ಟಿತ್ತು. ಬೆಂಕಿ ಹತ್ತೀತು ಅಂತ ಹುಡುಗನ ಕೈಲಿದ್ದ ಐದು ಲೀಟರಿನ ನೀರಿನ ಕ್ಯಾನು ಕಿತ್ತುಕೊಂಡು ಪೂರ್ತಿ ಸುರಿದೆ. ಭುಸ್ ಅಂತ ಹಬೆ ಎದ್ದು ಮುಖಕ್ಕೆ ಹೊಡೆಯಿತು. ಅದರೊಳಗಿಂದ ದೇವಸ್ಥಾನದ ಗಂಟೆ ಬಡಿದ ಹಾಗೆ "ಟಣ್" ಅಂತ ಒಂದು ಸದ್ದು. ಆಮೇಲೆ ಏನೂ ಇಲ್ಲ. ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಹಾಕಿದರೆ ಸೀಳುತ್ತದೆ ಅಂತ ನನಗೆ ಗೊತ್ತಾದದ್ದು ಹಾಗೆ.

ಹೊಗೆ ನಿಂತ ಮೇಲೆ ಕೈಕಾಲು ನಡುಗಲು ಶುರುವಾಯಿತು. ಕತ್ತಲಾಗುತ್ತಿತ್ತು. ಪೆಂಡಾಲಿನವರು ಮೂರು ಸಲ ಫೋನ್ ಮಾಡಿದ್ದರು. ಮೇಸ್ತ್ರಿ ಫೋನ್ ಎತ್ತಲಿಲ್ಲ. ಭಾವಮೈದ ಎತ್ತಿದ, "ಇಂಜಿನ್ ಹೀಟ್ ಆಗಿರ್ಬೇಕು ಭಾವ" ಅಂದ. ಕೊನೆಗೆ, ಎರಡು ತಿಂಗಳಿಂದ ಮಾಡದ ನಂಬರಿಗೆ ಮಾಡಿದೆ.

"ಅಣ್ಣ, ಗಾಡಿ ನಿಂತೋಯ್ತು. ಚಕ್ರದಲ್ಲಿ ಹೊಗೆ" ಅಂದೆ.

ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಹಿಂದಿನ ಎಡಗಡೇದಾ?"

ನಾನು ಯಾವ ಚಕ್ರ ಅಂತ ಹೇಳೇ ಇರಲಿಲ್ಲ.

"ಹ್ಯಾಂಡ್ ಬ್ರೇಕ್ ಎಳೀಬೇಡಿ ಅಂತ ಅವತ್ತೇ ಹೇಳಿದ್ನಲ್ಲ ಸಾವ್ಕಾರ್ರೇ. ಆ ಕೇಬಲ್ ಹೋಗುತ್ತೆ, ವಾಪಸ್ ಬರಲ್ಲ. ಕಲ್ಲು ಕೊಡಿ ಅಂದಿದ್ದೆ."

ಹೇಳಿದ್ದರು. ಹೇಳಿದ್ದು ಮೇ ತಿಂಗಳಲ್ಲಿ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿದ ವಾರ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಅವತ್ತು ತಪಾಸಣೆ ಮಾಡಿದ ಸಾಹೇಬರು ಹ್ಯಾಂಡ್ ಬ್ರೇಕ್ ಎಳೆಸಿ, ಗಾಡಿ ಜಾರಿದ್ದು ನೋಡಿ, ಎಲ್ಲರೆದುರು "ಹದಿನಾರು ವರ್ಷದ ಡಬ್ಬ ಇಟ್ಕೊಂಡು ಬರ್ತೀರಲ್ರೀ" ಅಂದರು. ಹ್ಯಾಂಡ್ ಬ್ರೇಕ್ ಸರಿ ಮಾಡಿಸಿ ಅಂದದ್ದು ನ್ಯಾಯವೇ. ಅದನ್ನು ಮನುಷ್ಯರ ಹಾಗೆ ಹೇಳಬಹುದಿತ್ತು. ನಾನು ಕೋಪದಲ್ಲಿ ಹೋಗಿ ಹತ್ತಿರದ ಒಬ್ಬ ಹುಡುಗನ ಕೈಲಿ ಕೇಬಲ್ ಟೈಟ್ ಮಾಡಿಸಿ, ಸಂಜೆಯೊಳಗೆ ಪಾಸ್ ಮಾಡಿಸಿಕೊಂಡು ಬಂದೆ. ಎಡಗಡೆಯ ಕೇಬಲ್ಲು ಅದರ ಕೊಳವೆಯೊಳಗೆ ತುಕ್ಕು ಹಿಡಿದು ಕೂತಿತ್ತು. ಎಳೆದರೆ ಹೋಗುತ್ತಿತ್ತು, ಬಿಟ್ಟರೆ ಪೂರ್ತಿ ವಾಪಸ್ ಬರುತ್ತಿರಲಿಲ್ಲ. ಬ್ರೇಕ್ ಲೈನರು ಡ್ರಮ್ಮಿಗೆ ತಾಗಿಕೊಂಡೇ ತಿರುಗುತ್ತಿತ್ತು. ಲೈನರ್ ಸವೆದು ಸ್ವಲ್ಪ ಸಡಿಲವಾಗುವಷ್ಟರಲ್ಲಿ "ಹ್ಯಾಂಡ್ ಬ್ರೇಕ್ ಮತ್ತೆ ನಿಲ್ತಿಲ್ಲ" ಅಂತ ನಾನೇ ಎರಡು ಸಲ ಟೈಟ್ ಮಾಡಿಸಿದೆ. ಇಂಜಿನ್ನು ಮುಂದಕ್ಕೆ ಎಳೆಯುತ್ತಿತ್ತು, ಚಕ್ರ ಹಿಂದಕ್ಕೆ ಹಿಡಿಯುತ್ತಿತ್ತು. ನಾನು ಸುರಿದ ಡೀಸೆಲ್ಲಿನಲ್ಲಿ ಒಂದು ಪಾಲು ದಾರಿಗೆ ಸಂದಿತು, ಒಂದು ಪಾಲು ಆ ಡ್ರಮ್ಮನ್ನು ಕಾಯಿಸುವುದಕ್ಕೇ ಹೋಯಿತು.

ಡ್ರೈವರಿಗೆ ಕೇಬಲ್ಲಿನ ಬುದ್ಧಿ ಮುಂಚಿನಿಂದಲೂ ಗೊತ್ತಿತ್ತು. ಅದಕ್ಕೇ ಅವರು ಹ್ಯಾಂಡ್ ಬ್ರೇಕ್ ಮುಟ್ಟುತ್ತಿರಲಿಲ್ಲ. ಅರ್ಧ ಇಟ್ಟಿಗೆಯಷ್ಟು ದಪ್ಪದ ಒಂದು ಚಪ್ಪಡಿ ಚೂರು ಇಟ್ಟುಕೊಂಡಿದ್ದರು. ಮಂಡಿ ಬಗ್ಗುವುದಿಲ್ಲ ಅಂತ ಅದಕ್ಕೆ ಮೂರು ಮೊಳ ನೈಲಾನ್ ಹಗ್ಗ ಕಟ್ಟಿ, ಕಾಲಿನಲ್ಲಿ ಚಕ್ರದ ಕೆಳಕ್ಕೆ ಒದ್ದು, ಹೊರಡುವಾಗ ನಿಂತಲ್ಲೇ ಹಗ್ಗ ಎಳೆದು ಮೇಲೆತ್ತಿಕೊಳ್ಳುತ್ತಿದ್ದರು. ಎಫ್‌ಸಿ ಆದ ದಿನ, "ಇನ್ನು ಈ ಕಲ್ಲುಗಿಲ್ಲು ಬೇಡ, ಹ್ಯಾಂಡ್ ಬ್ರೇಕ್ ಹಾಕಿ" ಅಂತ ಅದನ್ನು ಗೋಡೌನಿನ ಮೂಲೆಗೆ ಎಸೆದವನು ನಾನು. ಹೊಸ ಕೇಬಲ್ ಹಾಕಿಸಿಬಿಡಿ ಅಂತ ಅವರೂ ಪಟ್ಟುಹಿಡಿದು ಹೇಳಲಿಲ್ಲ. ಒಂದು ಸಲ ಹೇಳಿ ಸುಮ್ಮನಾಗುವ ಜನ.

ಅವತ್ತು ರಾತ್ರಿ ₹1,800ಕ್ಕೆ ಬೇರೆ ಗಾಡಿ ಹಿಡಿದು ಸಾಮಾನು ತಲುಪಿಸಿದೆವು. ಹಬ್ಬ ಕಳೆದ ಮೇಲೆ ಎರಡೂ ಕಡೆಯ ಕೇಬಲ್ಲು, ಲೈನರು, ಒಂದು ಡ್ರಮ್ಮು, ವೀಲ್ ಸಿಲಿಂಡರು, ಆಯಿಲ್ ಸೀಲು, ಬ್ರೇಕ್ ಆಯಿಲ್ಲು ಸೇರಿ ₹6,900. ಮೇ ತಿಂಗಳಲ್ಲೇ ಕೇಬಲ್ ಬದಲಾಯಿಸಿದ್ದರೆ ಸಾವಿರದೊಳಗೆ ಮುಗಿಯುತ್ತಿತ್ತು.

ಬುದ್ಧಿ ಬಂದಮೇಲೆ ಅಂಗಡಿಯ ತಂತಿಗೆ ಚುಚ್ಚಿದ್ದ ಡೀಸೆಲ್ ಬಿಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಬಿಚ್ಚಿ ನೋಡಿದೆ. ಮೈಲೇಜು ನಿಧಾನವಾಗಿ ಇಳಿದಿರಲಿಲ್ಲ. ಎಫ್‌ಸಿ ವಾರದ ಆಚೆ ಹನ್ನೆರಡು, ಈಚೆ ಒಂಬತ್ತಕ್ಕಿಂತ ಕಡಿಮೆ. ಸವೆದ ಇಂಜಿನ್ನು ಹೀಗೆ ಒಂದೇ ವಾರದಲ್ಲಿ ಬೀಳುವುದಿಲ್ಲ. ಹೀಗೆ ಬಿದ್ದರೆ ಆ ವಾರ ಯಾರೋ ಏನನ್ನೋ ಮುಟ್ಟಿದ್ದಾರೆ ಅಂತಲೇ ಅರ್ಥ. ಆ ಬಿಲ್ಲುಗಳು ಇಷ್ಟೂ ದಿನ ನನ್ನ ತಲೆಯಿಂದ ಒಂದು ಮೊಳ ದೂರದಲ್ಲಿ ನೇತಾಡುತ್ತಿದ್ದವು.

ಅದೇ ವಾರ ಟೈರೂ ಬದಲಾಗಿತ್ತು. ಲೋಡಿಗೆ ಒಳ್ಳೆಯದು ಅಂತ ಅಂಗಡಿಯವನು ಹಿಂದಿನದಕ್ಕಿಂತ ದೊಡ್ಡ ಸೈಜು ಹಾಕಿದ್ದ. ಟೈರು ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ, ಮೀಟರು ಮಾತ್ರ ಹಳೇ ಲೆಕ್ಕವನ್ನೇ ಬರೆಯುತ್ತದೆ. ನಂಜನಗೂಡು ರಸ್ತೆಯ ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು ಹೋದೆ. ಹತ್ತು ಕಲ್ಲು ದಾಟಿದಾಗ ಮೀಟರು 9.4 ತೋರಿಸಿತು. ಅಂದರೆ ನಾನು ಕಳೆದುಕೊಂಡೆ ಅಂದುಕೊಂಡದ್ದರಲ್ಲಿ ಒಂದಿಷ್ಟು ಕಳೆದೇ ಇರಲಿಲ್ಲ.

ಮೂರನೆಯದು ಥರ್ಮೋಸ್ಟಾಟ್ ವಾಲ್ವು. ಅದು ಇರಲೇ ಇಲ್ಲ. ಬೇಸಿಗೆಯಲ್ಲಿ ಇಂಜಿನ್ ಬಿಸಿಯಾಯಿತು ಅಂತ ಯಾವನೋ ಕಿತ್ತು ಬಿಸಾಕಿದ್ದ. "ನಮ್ಮೂರ್ ಬಿಸಿಲಿಗೆ ಇದು ಬೇಡ ಅಣ್ಣ" ಅನ್ನುವ ಮೇಸ್ತ್ರಿಗಳು ಎಲ್ಲ ಊರಲ್ಲೂ ಇದ್ದಾರೆ. ಇಂಜಿನ್ನಿನ ನೀರು ಸುಮಾರು 80 ಡಿಗ್ರಿಗೆ ಬರುವವರೆಗೂ ರೇಡಿಯೇಟರಿಗೆ ಹೋಗದಂತೆ ತಡೆಯುವುದು ಆ ವಾಲ್ವಿನ ಕೆಲಸ. ಅದಿಲ್ಲದಿದ್ದರೆ ನಂಜುಮಳಿಗೆಯಿಂದ ಕುವೆಂಪುನಗರಕ್ಕೆ ಹೋಗಿ ಬರುವಷ್ಟರಲ್ಲಿ ಇಂಜಿನ್ನು ಬೆಚ್ಚಗೇ ಆಗುವುದಿಲ್ಲ, ತಣ್ಣಗಿನ ಇಂಜಿನ್ನು ಡೀಸೆಲ್ ಜಾಸ್ತಿ ತಿನ್ನುತ್ತದೆ. ಇಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಯಾವಾಗಲೂ ಕೆಳಗೇ ಇರುತ್ತಿತ್ತು, ನಾನು ಅದನ್ನು ಒಳ್ಳೇ ಲಕ್ಷಣ ಅಂದುಕೊಂಡಿದ್ದೆ.

ಈಗ ಕೇಳಿದವರಿಗೆಲ್ಲ ಹೇಳುವುದು ಇಷ್ಟೇ. ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ, ಅದೇ ಬಂಕಿನಲ್ಲಿ ಮತ್ತೆ ಕತ್ತಿನವರೆಗೆ ತುಂಬಿಸಿ ಲೆಕ್ಕ ಹಾಕಿ. ಐನೂರು ರೂಪಾಯಿಯ ಡೀಸೆಲ್ ಹಾಕಿಸಿ ಮೈಲೇಜ್ ಹೇಳಬೇಡಿ. ಮೀಟರನ್ನು ರಸ್ತೆಯ ಕಲ್ಲಿಗೆ ತಾಳೆ ನೋಡಿ. ಹತ್ತು ಕಿಲೋಮೀಟರ್ ಓಡಿಸಿ, ಹೆಚ್ಚು ಬ್ರೇಕ್ ಹಿಡಿಯದೆ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ. ಮುಟ್ಟಬೇಡಿ. ಒಂದರ ಕಾವು ಮಾತ್ರ ಬೇರೆಯಾಗಿದ್ದರೆ ರೋಗ ಅಲ್ಲಿದೆ. ಮಟ್ಟಸ ಜಾಗದಲ್ಲಿ ಖಾಲಿ ಗಾಡಿಯನ್ನು ನ್ಯೂಟ್ರಲ್ ಮಾಡಿ ತಳ್ಳಿ ನೋಡಿ, ಜ್ಯಾಕ್ ಕೊಟ್ಟು ಚಕ್ರ ತಿರುಗಿಸಿ ನೋಡಿ. ಟೈರಿನ ಗಾಳಿ ನೋಡಿ. ಕಪ್ಪು ಹೊಗೆ ಇಲ್ಲದಿದ್ದರೆ ಪಂಪು, ನಾಜಲ್ಲನ್ನು ಕೊನೆಗೆ ಇಟ್ಟುಕೊಳ್ಳಿ. ಕಾದ ಡ್ರಮ್ಮಿಗೆ ನೀರು ಹಾಕಬೇಡಿ. ಗಾಡಿ ಓಡಿಸುವವರನ್ನು ಮೊದಲು ಕೇಳಿ, ಆಮೇಲೆ ಮೇಸ್ತ್ರಿಯನ್ನು ಕೇಳಿ.

ವಾಲ್ವು ಹಾಕಿಸಿ, ಮೀಟರಿನ ವ್ಯತ್ಯಾಸ ಸೇರಿಸಿದರೆ ಗಾಡಿ ಈಗ ಹನ್ನೊಂದೂವರೆ ಕೊಡುತ್ತಿದೆ. ಹಳೇ ಹನ್ನೆರಡೂವರೆ ಬಂದಿಲ್ಲ. ಡ್ರೈವರು ಈಗ ಒಂದು ಸ್ಕೂಲ್ ವ್ಯಾನ್ ಓಡಿಸುತ್ತಾರೆ. ಆಯುಧಪೂಜೆಗೆ ಕರೆದೆ. ಬಂದರು, ಗಾಡಿಗೆ ಕುಂಬಳಕಾಯಿ ಒಡೆದರು, ಪ್ರಸಾದ ತಗೊಂಡರು. ನಾನು ಮಾತು ತೆಗೆಯುವಷ್ಟರಲ್ಲಿ ಮಕ್ಕಳನ್ನು ಬಿಡುವ ಹೊತ್ತಾಯಿತು ಅಂತ ಎದ್ದರು. ಅವತ್ತು ಸ್ಕೂಲಿಗೆ ರಜ.

ಬೀಗದ ಮುಚ್ಚಳ ತೆಗೆದು ಹಳೆಯದನ್ನೇ ಹಾಕೋಣವೆಂದರೆ ಅದನ್ನು ಎಲ್ಲಿ ಎಸೆದೆನೋ ಸಿಗುತ್ತಿಲ್ಲ. ಬಂಕಿಗೆ ಹೋದಾಗೆಲ್ಲ ಹುಡುಗ ಕಿಟಕಿಗೆ ಕೈ ಒಡ್ಡಿ, "ಅಣ್ಣ, ಟ್ಯಾಂಕ್ ಕೀ" ಅನ್ನುತ್ತಾನೆ. ತೆಗೆದುಕೊಡುತ್ತೇನೆ.